ಮಣೆಯ ಎತ್ತರದ ಗಾಳಿ

ಅವನು ಹೋದ ಮೇಲೂ ಆ ಬಾಗಿಲಿಗೆ ಜನ ಕುರ್ಚಿ, ಸ್ಟೂಲು ಹೊತ್ತು ಬರುತ್ತಿದ್ದಾರೆ. ಮೊನ್ನೆ ನಾನು ಅತ್ತಿಗೆಯ ಜೊತೆ ಕೂತಿದ್ದಾಗ ಒಬ್ಬ ಹೆಂಗಸು ಪುಟ್ಟ ಸ್ಟೂಲೊಂದನ್ನು ಕಂಕುಳಲ್ಲಿ ಇರುಕಿಕೊಂಡು ಬಂದು, "ಸಿಪ್ಪೆಯವರು ಇದ್ದಾರಾ?" ಎಂದಳು. ಅತ್ತಿಗೆ "ಇಲ್ಲಮ್ಮ" ಎಂದರು. "ಯಾವಾಗ ಬರ್ತಾರೆ?" ಎಂದು ಅವಳು ಕೇಳಿದಾಗ ಅತ್ತಿಗೆ ನನ್ನ ಕಡೆ ನೋಡಿದರು. ನಾನೇ ಎದ್ದು ಹೊರಗೆ ಹೋಗಿ ಅವನು ತೀರಿಕೊಂಡದ್ದನ್ನು ಹೇಳಿದೆ. ಹೆಂಗಸು ಸ್ಟೂಲನ್ನು ಕೆಳಗಿಟ್ಟು ಅದರ ಮೇಲೇ ಕೂತುಕೊಂಡಳು. 

ಸಿಪ್ಪೆ ನನ್ನ ಗೆಳೆಯನ ಅಡ್ಡಹೆಸರು. ಅತ್ತಿಗೆ ಎಂದರೆ ಅವನ ಹೆಂಡತಿ, ನಾನು ಕರೆಯುವುದು ಹಾಗೆ. ಹಳೆಯ ಕುರ್ಚಿ, ಮೇಜು, ಕಪಾಟುಗಳ ಬಣ್ಣ ತೆಗೆದು, ಒಳಗಿನ ಮರವನ್ನು ಹೊರಗೆ ತರುವುದು ಅವನ ಕಸುಬು. ಅವನ ಬಾಗಿಲ ಮುಂದೆ ಹಸಿರು, ನೀಲಿ, ಕಂದು ಬಣ್ಣದ ಸುರುಳಿಗಳು ಸದಾ ಬಿದ್ದಿರುತ್ತಿದ್ದವು, ಯಾರೋ ಹಣ್ಣು ಸುಲಿದು ಎಸೆದ ಹಾಗೆ. ಹೆಸರು ಅಲ್ಲಿಂದ ಬಂತು. ಹೆತ್ತವರು ಇಟ್ಟ ಹೆಸರಿನಿಂದ ಕೂಗಿದರೆ ಅವನು ತಿರುಗಿ ನೋಡುತ್ತಿರಲಿಲ್ಲ. ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ನಾನು ಪುಸ್ತಕದಲ್ಲಿ ಮುಳುಗಿದರೆ ಅವನು ಬೆಂಚಿನಲ್ಲಿ ಮುಳುಗುತ್ತಿದ್ದ. ಕೈವಾರದ ಮೊನೆಯಿಂದ ಅದರ ಬಣ್ಣ ಕೆರೆದು, "ನೋಡೋ, ಒಳಗೆ ಬೇರೆ ಬಣ್ಣ ಇದೆ" ಎಂದು ಪಿಸುಗುಟ್ಟುತ್ತಿದ್ದ. ಅದಕ್ಕೆ ಪೆಟ್ಟು ತಿಂದ, ನನಗೂ ತಿನ್ನಿಸಿದ. ಮುಂದೆ ನಾನು ಒಂದು ಪುಸ್ತಕದಂಗಡಿ ಇಟ್ಟೆ. ಅದೇ ಬೀದಿಯ ಇನ್ನೊಂದು ತುದಿಯಲ್ಲಿ ಅವನು ಕೆರೆಯುತ್ತಲೇ ಇದ್ದ.

ಅವನ ಹೃದಯ ಒಂದು ಬೆಳಗ್ಗೆ ಚಹಾ ಕುಡಿಯುವಾಗ ನಿಂತಿತು. ಇಷ್ಟು ವರ್ಷ ಕೆಲಸದಲ್ಲಿ ಉಸಿರಾಡಿದ ಗಾಳಿಗೂ ಅದಕ್ಕೂ ಸಂಬಂಧವಿತ್ತೇ ಎಂದು ನಾನು ಡಾಕ್ಟರನ್ನು ಕೇಳಿದೆ. ಇರಬಹುದು, ಇಲ್ಲದೆಯೂ ಇರಬಹುದು, ಯಾರಿಂದಲೂ ಖಚಿತವಾಗಿ ಹೇಳಲಾಗದು ಎಂದರು. ನಾನು ಬಹಳ ಪುಸ್ತಕ ಓದಿದವನು. ಉತ್ತರ ಸಿಗದ ಪ್ರಶ್ನೆಗಳ ಬಗ್ಗೆ ಒಳ್ಳೊಳ್ಳೆಯ ಮಾತುಗಳನ್ನೂ ಓದಿದ್ದೇನೆ. ಈ ಪ್ರಶ್ನೆಗೆ ಅವು ಯಾವುವೂ ಉಪಯೋಗಕ್ಕೆ ಬರಲಿಲ್ಲ. ಅದಕ್ಕೇ ನನಗೆ ಗೊತ್ತಿರುವುದನ್ನಷ್ಟೇ ಬರೆಯುತ್ತೇನೆ. ಅತ್ತಿಗೆ ಒಮ್ಮೆ ಮನೆ ಬಿಟ್ಟು ಹೋಗಿದ್ದ ಕಾಲದ ಸಂಗತಿ ನನಗೆ ಚೆನ್ನಾಗಿ ಗೊತ್ತು. ನಾನು ಅಲ್ಲೇ ಇದ್ದೆ.

ಅವರ ಮನೆಗೆ ಎರಡು ಕೋಣೆ. ಬೀದಿಗೆ ತೆರೆದುಕೊಳ್ಳುವ ಮುಂದಿನ ಕೋಣೆಯೇ ಕೆಲಸದ ಜಾಗ. ಗೋಡೆಗೆ ಒತ್ತಿ ಎದೆಮಟ್ಟದ ಎತ್ತರದ ಮೇಜು, ಅದರ ಮೇಲ್ಗಡೆ ಹೊಗೆ ಹೋಗಲೆಂದು ಒಂದು ಚಿಕ್ಕ ಕಿಂಡಿ. ಒಂದು ಮೆಟ್ಟಿಲು ಇಳಿದರೆ ಒಳಕೋಣೆ. ನಡುವೆ ಬಾಗಿಲಿಲ್ಲ, ಪರದೆ ಮಾತ್ರ. ಆ ಮೆಟ್ಟಿಲಿನ ಪಕ್ಕದಲ್ಲೇ ನೆಲದ ಮೇಲೆ ಮಣೆ ಹಾಕಿಕೊಂಡು ಅತ್ತಿಗೆ ಕೂರುತ್ತಿದ್ದರು. ದರ್ಜಿ ಅಂಗಡಿಗಳಿಂದ ಬಂದ ಅಂಗಿಗಳಿಗೆ ಕಾಜಾ ಹೊಲಿದು ಗುಂಡಿ ಹಾಕುವುದು ಅವರ ಕೆಲಸ. ಮೆಟ್ಟಿಲಿನ ಮೇಲೆ ಅವನು, ಕೆಳಗೆ ಅವರು. ಇಡೀ ದಿನ ಪರದೆಯ ಆಚೀಚೆ ಮಾತು ನಡೆಯುತ್ತಿತ್ತು.

ಅವನ ಕೆಲಸದಲ್ಲಿ ಒಂದು ಕ್ರಮವಿತ್ತು. ಸಾಮಾನು ಬಂದ ಕೂಡಲೇ ಅದನ್ನು ಬೋರಲು ಹಾಕಿ, ಯಾರ ಕಣ್ಣಿಗೂ ಬೀಳದ ಜಾಗ ಹುಡುಕುತ್ತಿದ್ದ. ಹತ್ತಿಗೆ ಸ್ಪಿರಿಟ್ ಅದ್ದಿ ಅಲ್ಲಿ ಒತ್ತಿ ಹಿಡಿಯುತ್ತಿದ್ದ. ಹತ್ತಿ ಕಂದಾಗಿ ಅಂಟಂಟಾದರೆ ಅದು ಅರಗಿನ ಪಾಲಿಶ್. ಸ್ಪಿರಿಟ್‌ನಲ್ಲೇ ಬಿಟ್ಟುಕೊಳ್ಳುತ್ತದೆ, ಬೇರೇನೂ ಬೇಡ. ಸ್ಪಿರಿಟ್‌ಗೆ ಜಗ್ಗದಿದ್ದರೆ ಥಿನ್ನರ್. ಅದಕ್ಕೂ ಜಗ್ಗದಿದ್ದರೆ ಎಣ್ಣೆಬಣ್ಣ, ಆಗ ಬಣ್ಣ ಎಬ್ಬಿಸುವ ರಿಮೂವರ್ ಬೇಕು. "ಮರವನ್ನ ಮೊದಲು ಮರ್ಯಾದೆಯಿಂದ ಕೇಳ್ಬೇಕು ಕಣೋ. ಏಕಾಏಕಿ ಬಟ್ಟೆ ಬಿಚ್ಚು ಅಂದ್ರೆ ಯಾರು ಬಿಚ್ತಾರೆ?" ಎನ್ನುತ್ತಿದ್ದ. ಪರದೆಯ ಆಚೆಯಿಂದ ಅತ್ತಿಗೆ ಕೆಮ್ಮುತ್ತಿದ್ದರು, ಮಾತು ಸಾಕು ಎನ್ನುವ ಕೆಮ್ಮು.

ರಿಮೂವರ್ ಎಂದರೆ ಅವನಿಗೆ ಒಂದೇ. ಮುಚ್ಚಳ ತಿರುಗಿಸಿದರೆ ಉಸ್ ಎಂದು ಉಸಿರು ಬಿಡುವ ಒಂದು ಡಬ್ಬ. ಅದಕ್ಕೆ ಅವನಿಟ್ಟ ಹೆಸರು ದೊಡ್ಡಣ್ಣ. ಬ್ರಶ್ಶಿನಲ್ಲಿ ದಪ್ಪಗೆ ಬಳಿದು ಒಂದು ಬೀಡಿ ಸೇದುವಷ್ಟು ಹೊತ್ತು ಸುಮ್ಮನಿದ್ದರೆ ಸಾಕು, ಎಷ್ಟೋ ಕಾಲದ ಬಣ್ಣ ಕಾದ ಹಾಲಿನ ಕೆನೆಯಂತೆ ಮಡಿಚಿಕೊಂಡು ಏಳುತ್ತಿತ್ತು. ಆದರೆ ಗಾಳಿ ಆಡಿದರೆ ದೊಡ್ಡಣ್ಣ ಬೇಗ ಒಣಗುತ್ತಿದ್ದ, ಕೆಲಸ ಅರ್ಧಕ್ಕೆ ನಿಲ್ಲುತ್ತಿತ್ತು. ಅದಕ್ಕೇ ಅವನು ಬಳಿಯುವ ಮೊದಲು ಬೀದಿಬಾಗಿಲು, ಕಿಟಕಿ ಎಲ್ಲ ಮುಚ್ಚುತ್ತಿದ್ದ. ಅವನಿಗೆ ಕೆಲಸ ಕಲಿಸಿದವರೂ ಹಾಗೇ ಮುಚ್ಚುತ್ತಿದ್ದರಂತೆ. ಕಿಂಡಿ ಒಂದಿದೆಯಲ್ಲ, ಸಾಕು ಎಂಬುದು ಅವನ ಲೆಕ್ಕ. ಅವನ ತಲೆಯ ಮಟ್ಟದಲ್ಲಿ ಅದು ಸಾಕೂ ಆಗುತ್ತಿತ್ತು.

ದೊಡ್ಡಣ್ಣ ಹೊರಬಂದ ದಿನಗಳಲ್ಲಿ ಅತ್ತಿಗೆಗೆ ತಲೆನೋವು. ಹೊಟ್ಟೆ ತೊಳಸುತ್ತದೆ ಎನ್ನುತ್ತಿದ್ದರು. ಬೀದಿಗೆ ಬಂದು ಕಟ್ಟೆಯ ಮೇಲೆ ಕೂತರೆ ಸರಿಹೋಗುತ್ತಿತ್ತು. ಅವನು ನಗುತ್ತಿದ್ದ. "ಇವಳ ತಲೆಗೂ ನನ್ನ ಗಿರಾಕಿಗಳಿಗೂ ಏನೋ ಒಳಒಪ್ಪಂದ ಇದೆ. ಅವರು ಬಂದ್ರೆ ಇದು ಶುರು." ಅತ್ತಿಗೆ ಸೂಜಿ ತೋರಿಸಿ, "ಬನ್ನಿ, ನಿಮ್ಮ ಬಾಯಿಗೂ ಒಂದು ಕಾಜಾ ಹಾಕ್ತೀನಿ" ಎನ್ನುತ್ತಿದ್ದರು. ದರ್ಜಿಯೊಬ್ಬ ಅಂಗಿಗಳಿಂದ ಏನೋ ವಾಸನೆ ಬರುತ್ತದೆ ಎಂದು ದೂರಿದ್ದೂ ಉಂಟು. ಅದೂ ನಗೆಯಲ್ಲೇ ಹೋಯಿತು.

ಒಂದು ದಿನ ಗಡಿಯಾರದಂಗಡಿಯ ಯಜಮಾನರು ಆಳೆತ್ತರದ ಗಡಿಯಾರದ ಪೆಟ್ಟಿಗೆಯೊಂದನ್ನು ಕಳಿಸಿಕೊಟ್ಟರು. ಯಂತ್ರ ಅವರಲ್ಲೇ ಇತ್ತು, ಬಂದದ್ದು ಮರದ ಮೈ ಮಾತ್ರ. ಯಾರೋ ಅದಕ್ಕೆ ದಪ್ಪಗೆ ಹಸಿರು ಬಣ್ಣ ಹೊಡೆದಿದ್ದರು, ಅದರ ಕೆಳಗೆ ಇನ್ನೂ ಏನೇನೋ. ಸಿಪ್ಪೆ ಎಲ್ಲ ಮುಚ್ಚಿ ದೊಡ್ಡಣ್ಣನನ್ನು ಧಾರಾಳವಾಗಿ ಬಳಿದ. ಕೆರೆಯುತ್ತಾ ಏನೋ ಕೇಳಿದ. ಪರದೆಯ ಆಚೆಯಿಂದ ಉತ್ತರ ಬರಲಿಲ್ಲ. ಕೋಪ ಬಂದಿರಬೇಕು ಅಂದುಕೊಂಡು ಇನ್ನೂ ಸ್ವಲ್ಪ ಕೆರೆದ. ಆಮೇಲೆ ಇಣುಕಿದರೆ ಅತ್ತಿಗೆ ಮಣೆಯಿಂದ ಪಕ್ಕಕ್ಕೆ ಜಾರಿ, ತೊಡೆಯ ಮೇಲಿನ ಅಂಗಿಯ ಸಮೇತ ನೆಲದ ಮೇಲೆ ಬಿದ್ದಿದ್ದರು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮನೆಯಲ್ಲಿ ಏನು ಬಳಸುತ್ತೀರಿ ಎಂದು ವಿಚಾರಿಸಿದರು. ಅವನು ಹೇಳಿದ. ಅವರು ಮನೆಯ ಮೆಟ್ಟಿಲು, ಪರದೆ, ಕಿಟಕಿ ಎಲ್ಲದರ ಬಗ್ಗೆ ಕೇಳಿ, "ಅದರ ಆವಿ ಗಾಳಿಗಿಂತ ಭಾರ ಕಣ್ರೀ. ಮೇಲೆ ಹೋಗಲ್ಲ, ನೀರಿನ ಹಾಗೆ ಇಳಿದು ತಗ್ಗಿನಲ್ಲಿ ತುಂಬ್ಕೊಳ್ಳತ್ತೆ. ಇವರು ಅದರೊಳಗೆ ಕೂತಿದ್ರು" ಎಂದರು. ಸಿಪ್ಪೆ, "ನಾನು ಅದರ ಮುಂದೇ ನಿಲ್ತೀನಿ ಡಾಕ್ಟ್ರೇ, ನನಗೇನೂ ಆಗಿಲ್ವಲ್ಲ" ಎಂದ. ಮಂಚದ ಮೇಲೆ ಮಲಗಿದ್ದ ಅತ್ತಿಗೆ ಅದನ್ನು ಕೇಳಿಸಿಕೊಂಡರು. ಬಹುಶಃ ಆ ಮಾತು ಕೇಳಿಸದೇ ಇದ್ದಿದ್ದರೆ ಅವರು ಮನೆಗೇ ಬರುತ್ತಿದ್ದರೇನೋ.

ಆಸ್ಪತ್ರೆಯಿಂದ ಅವರು ನೇರವಾಗಿ ಪಕ್ಕದ ಬೀದಿಯಲ್ಲಿದ್ದ ತಂಗಿಯ ಮನೆಗೆ ಹೋದರು. "ನಿಮ್ಮ ದೊಡ್ಡಣ್ಣ ಇರೋ ಮನೇಲಿ ನಾನಿರಲ್ಲ. ಅವನೋ ನಾನೋ ನೋಡ್ಕೊಳ್ಳಿ" ಎಂದರು. ಕೂಗಾಡಲಿಲ್ಲ. ಅಂಗಿಗಳ ಗಂಟನ್ನು ಎತ್ತಿಕೊಂಡು ನಡೆದರು.

ಸಿಪ್ಪೆ ಎರಡು ದಿನ ಬಿಮ್ಮನೆ ಇದ್ದ. ಮೂರನೆಯ ದಿನ ನನ್ನ ಅಂಗಡಿಗೆ ಬಂದು ಪುಸ್ತಕಗಳ ಬೆನ್ನು ಸವರುತ್ತಾ, "ಮನೇಲಿ ಸದ್ದೇ ಇಲ್ಲ ಕಣೋ" ಎಂದ. ದೊಡ್ಡಣ್ಣನನ್ನು ಬಿಟ್ಟರೆ ಬೇರೆ ದಾರಿಯಿಲ್ಲವೇ ಎಂದು ಕೇಳಿದೆ. "ಇವೆ. ಆದ್ರೆ ಎಲ್ಲವೂ ಸೋಮಾರಿಗಳು" ಎಂದ. ಆದರೂ ಹುಡುಕಲು ಹೊರಟ.

ಮೊದಲು ಆರಿಸಿದ್ದು ಕಾಸ್ಟಿಕ್ ಸೋಡ ಕಲಸಿದ ಹಿಟ್ಟು. ವಾಸನೆಯಿಲ್ಲ, ಅಗ್ಗ, ಎಣ್ಣೆಬಣ್ಣವನ್ನು ಸೋಪಿನ ಹಾಗೆ ಕರಗಿಸುತ್ತದೆ. ಕೈಗೆ ರಬ್ಬರ್ ಗವಸು ಹಾಕಿಕೊಂಡರೆ ಆಯಿತು. ಎಂದಿನ ಕ್ರಮದಂತೆ ಗಡಿಯಾರದ ಪೆಟ್ಟಿಗೆಯ ಹಿಂಭಾಗದಲ್ಲಿ, ಯಾರೂ ನೋಡದ ಕಡೆ, ಅಂಗೈಯಗಲ ಬಳಿದು ನೋಡಿದ. ಬಣ್ಣ ಚೊಕ್ಕವಾಗಿ ಹೋಯಿತು, ಮರ ಬೆಳ್ಳಗೆ ಉಳಿಯಿತು. ಖುಷಿಯಿಂದ ಮುಂಭಾಗಕ್ಕೆಲ್ಲ ಬಳಿದ. ಹಿಂದಿನ ಹಲಗೆ ಅಗ್ಗದ ಮರದ್ದು, ಮುಂದಿನದು ತೇಗ. ಮೊದಲ ದಿನ ಕೆರೆದದ್ದು ಮೇಲಿನ ಪದರವಷ್ಟೇ, ಕೆಳಗಿನ ತೇಗ ಅವನಿಗೆ ಕಂಡಿರಲಿಲ್ಲ. ತೇಗಕ್ಕೆ ಕಾಸ್ಟಿಕ್ ತಾಗಿದರೆ ಕಪ್ಪಾಗುತ್ತದೆ. ತೊಳೆದು ನೋಡಿದಾಗ ಪೆಟ್ಟಿಗೆಯ ಮುಖ ಇದ್ದಿಲಿನ ಬಣ್ಣಕ್ಕೆ ತಿರುಗಿತ್ತು.

ಯಜಮಾನರು ಬಂದು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ನಾನು ಗಡಿಯಾರಕ್ಕೆ ಸ್ನಾನ ಮಾಡ್ಸಿ ಅಂದೆ, ನೀವು ಅದಕ್ಕೆ ಯಾರದೋ ಸೂತಕ ಹಿಡಿಸಿದ್ದೀರಲ್ಲ" ಎಂದರು.

"ತಿದ್ದಿ ಕೊಡ್ತೀನಿ ಯಜಮಾನ್ರೇ. ಹೊತ್ತು ಬೇಕು."

"ಹೊತ್ತು ನನ್ನ ಅಂಗಡಿ ತುಂಬಾ ಇದೆ, ತಗೊಳ್ಳಿ" ಎಂದು ಅವರು ಹೊರಟರು. ಒಳ್ಳೆಯ ಮನುಷ್ಯ. ಸಿಪ್ಪೆ ವಿನೆಗರ್ ನೀರಿನಲ್ಲಿ ತೊಳೆದು, ಬಿಳುಪಿಸುವ ಪುಡಿ ಹಚ್ಚಿ, ಬಹಳ ದಿನ ಹೆಣಗಾಡಿ ಮರದ ಬಣ್ಣವನ್ನು ಸುಮಾರಾಗಿ ಹಿಂದಕ್ಕೆ ತಂದ. ಪಕ್ಕಗಳಲ್ಲಿ ಹಸಿರು ಹಾಗೇ ಉಳಿದಿತ್ತು. ಒಣಗಿದ್ದನ್ನು ಉಜ್ಜಿ ತೆಗೆ ಎಂದು ನಾನು ಹೇಳಿದಾಗ ತಲೆಯಾಡಿಸಿದ. ಅಷ್ಟು ಹಳೆಯ ಬಣ್ಣದಲ್ಲಿ ಸೀಸ ಇರುತ್ತದೆ, ಉಜ್ಜಿದರೆ ಧೂಳಾಗಿ ಮನೆಯೆಲ್ಲ ಕೂರುತ್ತದೆ ಎಂದ.

ಆಮೇಲೆ ಕಿತ್ತಳೆ ವಾಸನೆಯ ಒಂದು ರಿಮೂವರ್ ತಂದ. ಬಾಟಲಿಯ ಮೇಲೆ ಹಣ್ಣಿನ ಚಿತ್ರ, ಎಲೆಯ ಚಿತ್ರ. ಅದನ್ನು ಹಿಡಿದುಕೊಂಡು ನಾದಿನಿಯ ಮನೆಗೆ ಹೋದ, ಜೊತೆಗೆ ನನ್ನನ್ನೂ ಎಳೆದುಕೊಂಡು. ಬಾಗಿಲು ತೆರೆದ ನಾದಿನಿ, "ಅಕ್ಕಾ, ಭಾವ ಬಂದಿದ್ದಾರೆ. ಈ ಸಲ ಬಾಟಲಿ ಚೆನ್ನಾಗಿದೆ" ಎಂದು ಒಳಗೆ ಕೂಗಿದಳು.

ಅತ್ತಿಗೆ ಹೊರಗೆ ಬಂದು, ಬಾಟಲಿ ಮೂಸಿ, "ಹಣ್ಣಿನಂಗಡೀಲಿ ಪೆಟ್ರೋಲ್ ಚೆಲ್ಲಿದ ಹಾಗಿದೆ" ಎಂದರು.

"ಇದು ಗಿಡದಿಂದ ಮಾಡಿದ್ದು ಕಣೇ. ಏನೂ ಆಗಲ್ಲ ಅಂತ ಅಂಗಡಿಯವನು ಹೇಳ್ದ."

"ಅವನು ಮಣೆ ಮೇಲೆ ಕೂತು ನೋಡಿದ್ನಾ?"

 ಅತ್ತಿಗೆ ಬಾಟಲಿ ಅವನ ಕೈಗೆ ವಾಪಸು ಇಟ್ಟು, "ಬಾಗಿಲಲ್ಲಿ ನಿಂತು ಒಂದು ಸಲ ಮೂಸಿದ್ರೆ ಏನು ಗೊತ್ತಾಗತ್ತೆ ರೀ? ಮರದ ತುಂಡಿಗೆ ಅಷ್ಟು ಮರ್ಯಾದೆ ಕೊಟ್ಟು ಕೇಳ್ತೀರಿ. ನನ್ನನ್ನ ಯಾವತ್ತಾದ್ರೂ ಕೇಳಿದ್ರಾ?" ಎಂದರು. ಆ ಮಾತಿನಲ್ಲಿ ಸಿಟ್ಟೇ ಇರಲಿಲ್ಲ. ಸಿಟ್ಟಿದ್ದಿದ್ದರೆ ಅವನು ಏನಾದರೂ ಎದುರು ಹೇಳುತ್ತಿದ್ದ. ದಾರಿಯುದ್ದಕ್ಕೂ ಅವನು ಬಾಟಲಿಯ ಎಲೆಯ ಚಿತ್ರವನ್ನು ಉಗುರಿನಿಂದ ಕೆರೆಯುತ್ತಾ ನಡೆದ.

ಮರುದಿನ ಮಧ್ಯಾಹ್ನ ಅವನು ನನ್ನನ್ನು ಕರೆಸಿಕೊಂಡ. ಎತ್ತರದ ಮೇಜಿನ ಮೇಲೆ ಒಂದು ಹಳೆಯ ಬಾಗಿಲಹಲಗೆ ಇತ್ತು, ಪಕ್ಕದಲ್ಲಿ ದೊಡ್ಡಣ್ಣ. ನನ್ನ ಕೈಗೆ ಬ್ರಶ್ಶು ಕೊಟ್ಟು, ಬೀದಿಬಾಗಿಲು, ಕಿಟಕಿ ಎಲ್ಲ ಮುಚ್ಚಿದ.

"ನೀನು ಬಳೀತಾ ಹೋಗು. ನಾನು ಅಲ್ಲಿ ಕೂತ್ಕೋತೀನಿ."

"ಅಲ್ಲಿ ಅಂದ್ರೆ?"

"ಅವಳ ಮಣೆ ಮೇಲೆ."

ಬೇಡ ಎಂದೆ. ಡಾಕ್ಟರಮ್ಮ ಹೇಳಿದ್ದನ್ನು ನೆನಪಿಸಿದೆ. "ಅವರು ಹೇಳಿದ್ದು ಗೊತ್ತು. ನನ್ನ ಮೈಗೆ ಇನ್ನೂ ಗೊತ್ತಾಗಿಲ್ಲ" ಎಂದ. "ನೀನಿದ್ದೀಯಲ್ಲ. ಮಾತಾಡ್ತಾ ಇರು. ನಾನು ಸುಮ್ಮನಾದ್ರೆ ಎಳೆದು ಹಾಕು." ಅತ್ತಿಗೆ ಬಿಟ್ಟುಹೋಗಿದ್ದ ಒಂದು ಅಂಗಿ, ಸೂಜಿ, ದಾರ ಎತ್ತಿಕೊಂಡು ಪರದೆಯ ಆಚೆ ಇಳಿದ.

ನಾನು ಬಳಿದೆ. ಕಿಂಡಿಯ ಹತ್ತಿರ ನಿಂತಿದ್ದ ನನ್ನ ಮೂಗಿಗೆ ಸಿಹಿಯಾದ ಒಂದು ಘಾಟು ತಾಗಿತೇ ಹೊರತು ಬೇರೇನೂ ಆಗಲಿಲ್ಲ. ನಮ್ಮ ಶಾಲೆಯ ವಿಷಯ ತೆಗೆದೆ. ಅವನು ಉತ್ತರ ಕೊಡುತ್ತಿದ್ದ, ನಗುತ್ತಿದ್ದ, ಕಾಜಾ ಹೊಲಿಯುವುದು ಇಷ್ಟು ಕಷ್ಟ ಅಂತ ಗೊತ್ತೇ ಇರಲಿಲ್ಲ ಎಂದು ಗೊಣಗುತ್ತಿದ್ದ. ಹಲಗೆಯ ಮೇಲಿನ ಬಣ್ಣ ಎದ್ದು ಮಡಿಚಿಕೊಳ್ಳತೊಡಗಿತು. ಅವನ ಉತ್ತರಗಳು ಚಿಕ್ಕವಾದವು. ಒಮ್ಮೆ ನಾನು ಕೇಳಿದ್ದಕ್ಕೆ ಬಹಳ ಹಿಂದಿನ ಪ್ರಶ್ನೆಯ ಉತ್ತರ ಕೊಟ್ಟ. ಪರದೆ ಸರಿಸಿದೆ. ಅವನು ಸೂಜಿಯನ್ನು ಕಣ್ಣೆದುರು ಹಿಡಿದು, ಅದೇನೆಂದು ಗುರುತಿಸಲು ಪ್ರಯತ್ನಿಸುವವನಂತೆ ನೋಡುತ್ತಿದ್ದ. ಮುಖ ಬಿಳಿಚಿತ್ತು. ಕಂಕುಳಿಗೆ ಕೈ ಹಾಕಿ ಎಳೆದುಕೊಂಡು ಬೀದಿಗೆ ತಂದೆ.

ಕಟ್ಟೆಯ ಪಕ್ಕ ಕೂತು ವಾಂತಿ ಮಾಡಿದ. ಯಾರೋ ನೀರು ತಂದುಕೊಟ್ಟರು. ಬಹಳ ಹೊತ್ತಿನ ಮೇಲೆ, "ಇಷ್ಟು ವರ್ಷ ನಾನು ಇದನ್ನ ನಾಟಕ ಅಂದ್ಕೊಂಡಿದ್ದೆ ಕಣೋ" ಎಂದ. ಅಳುತ್ತಿದ್ದನೋ, ಘಾಟಿಗೆ ಕಣ್ಣಲ್ಲಿ ನೀರು ಬಂದಿತ್ತೋ, ನಾನು ಕೇಳಲಿಲ್ಲ.

ಸುದ್ದಿ ಪಕ್ಕದ ಬೀದಿ ತಲುಪಲು ಎಷ್ಟು ಹೊತ್ತು ಬೇಕು? ಅತ್ತಿಗೆ ಚಪ್ಪಲಿಯನ್ನೂ ಮೆಟ್ಟದೆ ಬಂದರು. "ಬುದ್ಧಿ ನೆಟ್ಟಗಿದೆಯಾ ನಿಮಗೆ? ಒಬ್ಬಳು ಬಿದ್ದದ್ದು ಸಾಲದು ಅಂತ ನೀವೂ ಹೋಗಿ ಬೀಳ್ತೀರಾ?" ಎಂದು ಬಯ್ದು, ನನ್ನ ಕಡೆ ತಿರುಗಿ, "ನೀವಾದ್ರೂ ಓದಿದವರು, ಇವರು ಕುಣಿದ್ರೆ ತಾಳ ಹಾಕ್ತೀರಲ್ಲ" ಎಂದು ನನಗೂ ಮಂಗಳಾರತಿ ಮಾಡಿದರು. ಅವನು ತಲೆಯೆತ್ತಿ, "ನಿನಗೆ ಹೀಗೇ ಆಗ್ತಿತ್ತಾ?" ಎಂದು ಕೇಳಿದ. ಅತ್ತಿಗೆ ಸೆರಗಿನಿಂದ ಅವನ ಬಾಯಿ ಒರೆಸಿದರು. "ಹ್ಞೂಂ. ಹೀಗೇ." ಅಷ್ಟು ಹೇಳಿ ತಂಗಿಯ ಮನೆಗೇ ವಾಪಸು ಹೋದರು. ಅವನು ಅವರ ಬೆನ್ನನ್ನೇ ನೋಡುತ್ತಾ ಕೂತ.

ಆಮೇಲೆ ಅವನು ಮಾಡಿದ್ದನ್ನು ನೋಡಿ ಬೀದಿಯವರು ತಲೆ ಕೆಟ್ಟಿದೆ ಎಂದರು. ದೊಡ್ಡಣ್ಣನನ್ನು ಮೋಟಾರು ರಿಪೇರಿಯವನಿಗೆ ಕೊಟ್ಟ. ಅವನದು ಮೇಲೆ ಸೂರಿಲ್ಲದ ಅಂಗಳ. ಹಾಗಿದ್ದರೂ ಕೂತು ಕೆಲಸ ಮಾಡಬೇಡ, ತಗ್ಗಿನಲ್ಲಿ ಇಡಬೇಡ ಎಂದು ಹತ್ತು ಸಲ ಹೇಳಿ ಕೊಟ್ಟ. ಮನೆಗೆ ಬಂದು ಗರಗಸ ತೆಗೆದುಕೊಂಡು ತನ್ನ ಎತ್ತರದ ಮೇಜಿನ ಕಾಲುಗಳನ್ನು ಮೊಣಕಾಲೆತ್ತರಕ್ಕೆ ಕೊಯ್ದುಹಾಕಿದ. ಇನ್ನು ಮೇಲೆ ನೆಲದ ಮೇಲೆ ಕೂತೇ ಕೆಲಸ ಎಂದ. "ಅವಳ ಮೂಗು ಎಲ್ಲಿರತ್ತೋ ನನ್ನ ಮೂಗೂ ಅಲ್ಲೇ ಇರ್ಬೇಕು. ಆಗ ಯಾರೂ ಹೇಳೋದು ಬೇಡ." ಪರದೆ ಬಿಚ್ಚಿದ. ಬೀದಿಬಾಗಿಲ ಕೆಳಗಿನ ಪಟ್ಟಿಯನ್ನು ಕತ್ತರಿಸಿ ಗಾಳಿ ಹರಿಯಲು ದಾರಿ ಮಾಡಿದ. ನಿಂತು ಕೆಲಸ ಮಾಡಿದ ಬೆನ್ನು ಕೂತು ಕೆಲಸ ಮಾಡುವುದಕ್ಕೆ ಒಗ್ಗಲು ಬಹಳ ಕಾಲ ಹಿಡಿಯಿತು. ಆ ನೋವಿನ ಬಗ್ಗೆ ಅವನು ಕೊನೆಯವರೆಗೂ ದೂರಿದ, ಆದರೆ ಮೇಜಿನ ಕಾಲು ಮತ್ತೆ ಉದ್ದವಾಗಲಿಲ್ಲ.

ಒಂದೊಂದೇ ರಿಮೂವರ್ ತರಿಸಿ, ಬಾಗಿಲು ಕಿಟಕಿ ತೆರೆದಿಟ್ಟು, ಮೊದಲು ಇಡೀ ದಿನ ಅದರ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂರುತ್ತಿದ್ದ. ಕಿತ್ತಳೆಯದು ಮಧ್ಯಾಹ್ನದ ಹೊತ್ತಿಗೆ ಹಣೆ ಹಿಂಡಿತು. ಇನ್ನೊಂದು ಕಣ್ಣು ಉರಿಸಿತು. ಅವನ ದೇಹ ಒಪ್ಪಿದ ಮೇಲಷ್ಟೇ ಮರಕ್ಕೆ, ಅದೂ ಹಿಂದಿನ ಹಲಗೆ ಮತ್ತು ಮುಂದಿನ ಹಲಗೆ ಎರಡಕ್ಕೂ. ಕೊನೆಗೆ ಉಳಿದದ್ದು ಬೆಣ್ಣೆಯಂತಿದ್ದ ಒಂದು ಬಿಳಿ ಮುದ್ದೆ. ನೀರಿನಲ್ಲಿ ತೊಳೆದರೆ ಹೋಗುವಂಥದ್ದು, ವಾಸನೆ ಇದೆಯೋ ಇಲ್ಲವೋ ಎಂಬಷ್ಟು. ಅದನ್ನು ದಪ್ಪಗೆ ಮೆತ್ತಿ, ಒಣಗದಂತೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಬೆಳಗಿನಿಂದ ಸಂಜೆಯವರೆಗೆ ಕಾಯಬೇಕು. ಕೆಲವು ಸಲ ಮರುದಿನದವರೆಗೂ. ಮೊದಲ ದಿನ ಅವನು ಒಂದೇ ಸಮನೆ ಹಾಳೆಯ ಮೂಲೆ ಎತ್ತಿ ನೋಡುತ್ತಿದ್ದ. "ಇದು ಬಣ್ಣ ತೆಗೀತಿದೆಯೋ, ಬಣ್ಣದ ಜೊತೆ ಸಂಸಾರ ಮಾಡ್ತಿದೆಯೋ" ಎಂದು ನನ್ನೆದುರು ಗೊಣಗಿದ. ಬೀಡಿ ಸೇದುವಷ್ಟರಲ್ಲಿ ಕೆಲಸ ಮುಗಿಸುತ್ತಿದ್ದವನಿಗೆ ಇದು ಸಣ್ಣ ಶಿಕ್ಷೆಯಲ್ಲ.

ಆಮೇಲೆ ನಾದಿನಿಯ ಮನೆಗೆ ಹೋದ. ಈ ಸಲ ಕೈಯಲ್ಲಿ ಬಾಟಲಿ ಇರಲಿಲ್ಲ. "ಒಂದು ದಿನ ಬಂದು ಕೂತು ನೋಡು. ನಿನ್ನ ಅಂಗಿ ತಗೊಂಡೇ ಬಾ. ಆಗಲ್ಲ ಅಂದ್ರೆ ಸಂಜೆ ನಾನೇ ಇಲ್ಲಿಗೆ ತಂದು ಬಿಡ್ತೀನಿ, ನಾಳೆಯಿಂದ ಬೇರೆ ಕಸುಬು ನೋಡ್ಕೋತೀನಿ" ಎಂದ. ಬೇರೆ ಕಸುಬು ಎಂದು ಅವನ ಬಾಯಲ್ಲಿ ನಾನು ಕೇಳಿದ್ದು ಅದೊಂದೇ ಸಲ. ಅತ್ತಿಗೆ ಅವನನ್ನು ಒಂದು ಕ್ಷಣ ನೋಡಿ, "ಬರ್ತೀನಿ. ಸಂಜೆ ಹೇಳ್ತೀನಿ" ಎಂದರು.

ಅವರು ಬಂದ ಬೆಳಗ್ಗೆ ನಾನು ಅಂಗಡಿ ತೆರೆಯಲಿಲ್ಲ. ಗಡಿಯಾರದ ಪೆಟ್ಟಿಗೆ ನೆಲದ ಮೇಲೆ ಮಲಗಿತ್ತು. ಅದರ ಹಸಿರು ಪಕ್ಕಕ್ಕೆ ಅವನು ಬಿಳಿ ಮುದ್ದೆ ಮೆತ್ತಿ ಹಾಳೆ ಹೊದಿಸಿದ. ಅತ್ತಿಗೆ ಕುಳ್ಳಾದ ಮೇಜನ್ನು ನೋಡಿದರು, ಪರದೆ ಬಿಚ್ಚಿದ ಜಾಗವನ್ನು ನೋಡಿದರು, ಮಣೆಯ ಮೇಲೆ ಕೂತು ಸೂಜಿಗೆ ದಾರ ಪೋಣಿಸಿದರು. ಅವನು ಮೆಟ್ಟಿಲಿನ ಮೇಲೆ ಕೂತ. ಕೆರೆಯಲು ಏನೂ ಇಲ್ಲ, ಕಾಯಬೇಕಷ್ಟೆ. ಆ ಮನೆಯಲ್ಲಿ ಅವರಿಬ್ಬರೂ ಒಬ್ಬರಿಗೊಬ್ಬರು ಕಾಣುವಂತೆ ಹಗಲು ಹೊತ್ತು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.  ಅವನು ಅವರ ಕಣ್ಣು, ಹಣೆ, ಉಸಿರು ನೋಡುತ್ತಿದ್ದ. ಅತ್ತಿಗೆ ಅದನ್ನು ಗಮನಿಸಿ, "ಹಾಗೆ ನೋಡಿದ್ರೆ ಇಲ್ಲದ ತಲೆನೋವೂ ಬರತ್ತೆ. ಆ ಕಡೆ ತಿರುಗಿ" ಎಂದರು. ತಿರುಗಿದ. ಸ್ವಲ್ಪ ಹೊತ್ತಿಗೆ ಮತ್ತೆ ಈ ಕಡೆ.

ಮಧ್ಯಾಹ್ನ ಕಳೆಯಿತು. ಅತ್ತಿಗೆಯ ಪಕ್ಕದಲ್ಲಿ ಮಡಿಚಿದ ಅಂಗಿಗಳ ರಾಶಿ ಬೆಳೆಯಿತು. ಬಿಸಿಲು ಬಾಗಿಲಿನಿಂದ ಕೋಣೆಯೊಳಕ್ಕೆ ಉದ್ದವಾದಾಗ ಅವನು ಹಾಳೆ ತೆಗೆದು, ಕೆರೆಯುವ ಪಟ್ಟಿಯಿಂದ ಮೆಲ್ಲಗೆ ನೂಕಿದ. ಹಸಿರು ಬಂತು, ಅದರ ಕೆಳಗಿನ ಕೆನೆಬಣ್ಣವೂ ಅದಕ್ಕೆ ಅಂಟಿಕೊಂಡು ಬಂತು. ತೇಗ ಕಪ್ಪಾಗಿರಲಿಲ್ಲ. ಅವನು ಅದನ್ನು ನೋಡಲೇ ಇಲ್ಲ. ಪಟ್ಟಿಯನ್ನು ಕೈಯಲ್ಲೇ ಹಿಡಿದು ಅತ್ತಿಗೆಯ ಕಡೆ ತಿರುಗಿ ಕೂತಿದ್ದ.

ಅವರು ಕೊನೆಯ ಗುಂಡಿಯ ದಾರವನ್ನು ಹಲ್ಲಿನಿಂದ ಕಡಿದು, ಗೋಡೆ ಹಿಡಿಯದೆ ಎದ್ದು ನಿಂತರು.

"ತಲೆ ನೋಯ್ತಿಲ್ಲ. ಹೊಟ್ಟೆ ಹಸೀತಿದೆ. ಬೆಳಗ್ಗೆಯಿಂದ ನನ್ನ ಮುಖ ನೋಡ್ತಾ ಕೂತಿದ್ರಲ್ಲ, ಒಲೆ ಮೇಲೆ ಏನಾದ್ರೂ ಇಟ್ಟಿದ್ದೀರಾ?"

ಅವನು ಏನೂ ಇಟ್ಟಿರಲಿಲ್ಲ. ಅತ್ತಿಗೆ ಸೆರಗು ಸಿಕ್ಕಿಸಿಕೊಂಡು ಅಡುಗೆಯ ಮೂಲೆಗೆ ಹೋದರು. ಪಾತ್ರೆಗಳ ಸದ್ದು ಕೇಳಿಸಿತು. ಯಾವುದನ್ನು ಎಲ್ಲಿಟ್ಟಿದ್ದೀರಿ ಎಂದು ಅವನನ್ನು ಬಯ್ಯುವುದೂ ಕೇಳಿಸಿತು. ಅವನು ನನ್ನ ಕಡೆ ನೋಡಿ, ತುಟಿಯ ಮೇಲೆ ಬೆರಳಿಟ್ಟು, ಮಾತಾಡಬೇಡ, ಕೇಳು ಎಂಬಂತೆ ಸನ್ನೆ ಮಾಡಿದ.